ವಿಷಯ ಒಂದು, ಭಾನುವಾರ ಐದು: ಆರಾಧನಾ ಸರಣಿಗೆ ಹಾಡು ಹೊಂದಿಸುವ ಬಗೆ

‘ಮಳೆಗಾಲ ಶುರುವಾಗುತ್ತಲೇ ಐದು ಭಾನುವಾರ ನೀರಿನ ವಿಷಯವಾಗಿ ಪ್ರಸಂಗ (ಬೋಧನೆ) ಮಾಡೋಣ ಅಂತಿದ್ದೇನೆ, ಹಾಡು ನೀವು ನೋಡಿಕೊಳ್ಳಿ’ ಎಂದು ಚರ್ಚಿನ ಸಭಾಪಾಲಕರು ಹೇಳಿ ಹೋಗುತ್ತಾರೆ. ಹೊಣೆ ಹೊತ್ತವರು ಮೊದಲು ಮಾಡುವ ಕೆಲಸ ಹಾಡಿನ ಪುಸ್ತಕದ ಅಕಾರಾದಿ ಬಿಡಿಸುವುದು. ಮೊಬೈಲಿನಲ್ಲೂ ತಡಕಾಡಿ ‘ಜೀವಜಲ’, ‘ಹೊಳೆ’, ‘ಒರತೆ’ ಎಂದಿರುವುದನ್ನೆಲ್ಲ ಒಂದು ಹಾಳೆಗೆ ಇಳಿಸುತ್ತಾರೆ. ಇಪ್ಪತ್ತು ಹಾಡು ಸಿಕ್ಕರೆ ಭಾನುವಾರಕ್ಕೆ ನಾಲ್ಕರಂತೆ ಹಂಚಿ ಕೈತೊಳೆದುಕೊಳ್ಳುತ್ತಾರೆ. ಮೂರನೇ ವಾರಕ್ಕೆ ಸಭೆಗೆ ಬೇಸರ ಬಂದಿರುತ್ತದೆ, ಏಕೆಂದರೆ ಆ ಇಪ್ಪತ್ತೂ ಹಾಡು ಸುತ್ತಿ ಬಳಸಿ ಒಂದೇ ಮಾತು ಹೇಳುತ್ತಿರುತ್ತವೆ.

ಹಾಸನ, ಚಿಕ್ಕಮಗಳೂರು ಕಡೆಯ ಸಾಧಾರಣ ಸಭೆಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಒಂದು ಕೀಬೋರ್ಡು, ತಬಲ ಬಾರಿಸುವ ಒಬ್ಬ ಹುಡುಗ, ಧೈರ್ಯವಾಗಿ ದನಿ ಎತ್ತುವ ಐದಾರು ಹೆಣ್ಣುಮಕ್ಕಳು, ರಟ್ಟು ಕಿತ್ತುಹೋದ ಪುಸ್ತಕಗಳು. ಇಷ್ಟರಲ್ಲೇ ಒಳ್ಳೆಯ ಸರಣಿ ಮಾಡಬಹುದು. ಹಾಡು ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಭಾನುವಾರ, ಆರಾಧನೆಯ ಆ ಘಳಿಗೆಯಲ್ಲಿ, ಜನ ದೇವರ ಮುಂದೆ ಏನು ಮಾಡಬೇಕು? ಬೆರಗಾಗಬೇಕೇ, ಅಳಬೇಕೇ, ತಪ್ಪೊಪ್ಪಿಕೊಳ್ಳಬೇಕೇ, ಎದ್ದು ಹೊರಡಬೇಕೇ? ವಿಷಯದ ಪದ ಹಾಡಿನಲ್ಲಿದೆಯೋ ಇಲ್ಲವೋ ಎಂಬುದನ್ನು ಕೊನೆಗೆ ನೋಡಿದರಾಯಿತು.

ಮೊದಲು ವಾಕ್ಯಭಾಗ

ಸರಣಿಗೆ ಒಂದೂವರೆ ತಿಂಗಳು ಮುಂಚೆಯೇ ಪ್ರಸಂಗ ಮಾಡುವವರ ಎದುರು ಕೂತು ಐದೂ ವಾರದ ಬೈಬಲ್ ವಾಕ್ಯಭಾಗ ಬರೆಸಿಕೊಳ್ಳಿ. ‘ಆಮೇಲೆ ಹೇಳುತ್ತೇನೆ’ ಎಂದರೆ ಬಿಡಬೇಡಿ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಿಗೆ ಅವುಗಳ ವಾರ್ಷಿಕ ಪಂಚಾಂಗವಾದ ಆಲ್ಮನ್ಯಾಕ್‌ನಲ್ಲಿ ಪ್ರತಿ ಭಾನುವಾರದ ವಿಷಯ, ಓದುವ ಭಾಗ ಅಚ್ಚಾಗಿಯೇ ಬರುತ್ತದೆ. ನಿಮ್ಮ ಸರಣಿ ಅದರ ಜೊತೆ ಹೋಗುತ್ತದೋ, ಅದನ್ನು ಬದಿಗಿಡುತ್ತದೋ ಎಂದು ಮೊದಲೇ ತೀರ್ಮಾನವಾಗಲಿ. ಕಥೋಲಿಕ ಧರ್ಮಕೇಂದ್ರಗಳಲ್ಲಿ ಭಾನುವಾರದ ವಾಚನಗಳು ಮೂರು ವರ್ಷದ ಚಕ್ರದಲ್ಲಿ ನಿಗದಿಯಾಗಿರುವುದರಿಂದ ಅಲ್ಲಿ ಸರಣಿಗೆ ಜಾಗ ಸಿಗುವುದು ಒಂಬತ್ತು ದಿನದ ಪ್ರಾರ್ಥನೆಯಾದ ನೊವೆನಾಗಳಲ್ಲಿ, ಈಸ್ಟರ್ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ. ಮರಿಯಳ ಜನ್ಮದಿನವಾದ ಮೊಂತಿ ಹಬ್ಬಕ್ಕೆ, ಅಂದರೆ ಸೆಪ್ಟೆಂಬರ್ 8ಕ್ಕೆ ಮುಂಚಿನ ಒಂಬತ್ತು ದಿನ ಇಂಥ ಸರಣಿಗೆ ಹೇಳಿ ಮಾಡಿಸಿದ ಅವಕಾಶ.

ನೀರಿನ ಸರಣಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಬೈಬಲಿನಲ್ಲಿ ನೀರು ಎಂದರೆ ಬರೀ ತಂಪು ಅಲ್ಲ. ಐದು ವಾರಕ್ಕೆ ನಾನು ಹೀಗೆ ಹಂಚುತ್ತೇನೆ:

ಮೊದಲ ವಾರ ಆದಿಕಾಂಡ 1 ಮತ್ತು ಕೀರ್ತನೆ 104, ಬೆರಗು. ಎರಡನೇ ವಾರ ವಿಮೋಚನಕಾಂಡ 14, 15, ಸಮುದ್ರ ದಾಟಿದ ಬಿಡುಗಡೆ. ಮೂರನೇ ವಾರ ಕೀರ್ತನೆ 69 ಮತ್ತು ಮಾರ್ಕ 4ರ ಬಿರುಗಾಳಿ, ಭಯ. ನಾಲ್ಕನೇ ವಾರ ಯೋಹಾನ 4, ಬಾವಿಯ ಬಳಿಯ ಸಮಾರ್ಯದ ಹೆಂಗಸು, ಬಾಯಾರಿಕೆ. ಐದನೇ ವಾರ ಯೋಹಾನ 13, ಶಿಷ್ಯರ ಕಾಲು ತೊಳೆದದ್ದು, ಸೇವೆ.

ಪ್ರತಿ ವಾರಕ್ಕೂ ಒಂದೇ ಒಂದು ಪದ ಇದೆಯಲ್ಲ, ಹಾಡು ಹುಡುಕಬೇಕಾದ್ದು ಅದಕ್ಕೆ. ಬಾಯಾರಿಕೆಯ ವಾರಕ್ಕೆ ನೀರಿನ ಮಾತೇ ಇಲ್ಲದ, ಆದರೆ ದೇವರಿಗಾಗಿ ಹಂಬಲಿಸುವ ಒಂದು ಹಳೆಯ ಭಜನೆ ಚೆನ್ನಾಗಿ ಕೂರುತ್ತದೆ. ‘ಜೀವಜಲ’ ಎಂದು ಹತ್ತು ಸಲ ಬರುವ ಕುಣಿತದ ಹಾಡು ಅದೇ ವಾರಕ್ಕೆ ಹೊಂದದೇ ಇರಬಹುದು.

ಮೂರನೇ ವಾರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 69ನೇ ಕೀರ್ತನೆ ಶುರುವಾಗುವುದೇ ನೀರು ಕುತ್ತಿಗೆಯವರೆಗೆ ಬಂದಿದೆ, ಕಾಪಾಡು ಎಂಬ ಕೂಗಿನಿಂದ. ನಮ್ಮ ಎರಡೂ ಜಿಲ್ಲೆಗಳಲ್ಲಿ ಇದು ದೂರದ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದದ್ದನ್ನು ಜನ ಮರೆತಿಲ್ಲ. ಇತ್ತ ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚು ಮಳೆಗಾಲಕ್ಕೆ ಅರ್ಧ ಮುಳುಗಿ ನಿಲ್ಲುತ್ತದೆ. ಅದರ ಫೋಟೊ ತೆಗೆಯಲು ಹೋಗುವವರು ಬೇಕಾದಷ್ಟು, ಅಲ್ಲಿಂದ ಎದ್ದುಹೋದ ಊರಿನ ನೆನಪು ಎಷ್ಟು ಮಂದಿಗೆ ಇದೆಯೋ. ಇಂಥ ಕಡೆ ನೀರಿನ ಸರಣಿ ಮಾಡಿ ಭಯದ ಹಾಡು ಒಂದನ್ನೂ ಹಾಡದಿದ್ದರೆ ಸಭೆಯ ಅರ್ಧ ಜನರ ಅನುಭವವನ್ನು ಬಾಗಿಲ ಹೊರಗೆ ಬಿಟ್ಟ ಹಾಗೆ. 150 ಕೀರ್ತನೆಗಳಲ್ಲಿ ದೂರು, ಗೋಳು, ಮೊರೆಗಳದ್ದೇ ದೊಡ್ಡ ಪಾಲು. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ನಮ್ಮ ಹಾಡಿನ ಪಟ್ಟಿಗಳಲ್ಲಿ ಮಾತ್ರ ಆ ಪಾಲು ಯಾಕೋ ಕಾಣುವುದೇ ಇಲ್ಲ. ಯಾವ ವಿಷಯವೇ ಆಗಲಿ, ಐದು ವಾರದಲ್ಲಿ ಒಂದು ವಾರವಾದರೂ ಮೊರೆಗೆ ಬಿಡಿ.

ಎರಡನೇ ವಾರಕ್ಕೂ ಒಂದು ಎಚ್ಚರಿಕೆ. ಸಮುದ್ರ ದಾಟಿದ ಮಿರ್ಯಾಮಳು ದಮ್ಮಡಿ ಹಿಡಿದು ಹಾಡಿದಳು, ಹಾಗಾಗಿ ಅವತ್ತು ತಾಳದ ಸಡಗರ ಇರಲಿ. ಆದರೆ ಶತ್ರು ಮುಳುಗಿದ ಸಂಭ್ರಮವನ್ನೇ ಎತ್ತಿ ಹಿಡಿಯುವ ಹಾಡು ನನಗೆ ಹಿಡಿಸುವುದಿಲ್ಲ. ಗುಲಾಮಗಿರಿಯಿಂದ ಹೊರಬಂದವರ ಹಾಡನ್ನು ಆರಿಸಿ.

ಸಭೆಗೆ ಏನು ಗೊತ್ತಿದೆ?

ಈ ಹೆಜ್ಜೆಯನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಒಂದು ಸಂಜೆ ಮಹಿಳಾ ಸಂಘದ ಹಿರಿಯರೊಬ್ಬರು, ಸಂಡೇ ಸ್ಕೂಲ್ ಟೀಚರ್ ಒಬ್ಬರು, ಯುವಕರ ಕೂಟದ ಒಬ್ಬರು, ಈ ಮೂವರನ್ನು ಹಾಡಿನ ಪುಸ್ತಕದ ಜೊತೆ ಕೂರಿಸಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗುರುತು ಹಾಕುತ್ತಾ ಹೋಗಿ: ಪುಸ್ತಕ ನೋಡದೆ ಹಾಡಬಲ್ಲದ್ದಕ್ಕೆ ಸೊನ್ನೆ, ಪುಸ್ತಕ ಇದ್ದರೆ ಹಾಡಬಲ್ಲದ್ದಕ್ಕೆ ಗೀಟು, ಉಳಿದದ್ದು ಖಾಲಿ. ಹಿರಿಯರು ಸೊನ್ನೆ ಹಾಕಿದ ಎಷ್ಟೋ ಹಾಡು ಯುವಕರಿಗೆ ಗೊತ್ತೇ ಇರುವುದಿಲ್ಲ, ಯುವಕರ ಹಾಡು ಹಿರಿಯರಿಗೆ ಗೊತ್ತಿರುವುದಿಲ್ಲ. ಮೂವರೂ ಸೊನ್ನೆ ಹಾಕಿದ ಹಾಡುಗಳೇ ನಿಮ್ಮ ಬಂಡವಾಳ. ಸರಣಿಯ ಮುಕ್ಕಾಲು ಪಾಲು ಅಲ್ಲಿಂದಲೇ ಬರಬೇಕು.

ನಮ್ಮ ಕಡೆಯ ಸಭೆಗಳಿಗೆ ಹಾಡು ಹರಿದುಬಂದ ದಾರಿಗಳು ಹಲವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜರ್ಮನ್ ರಾಗಗಳನ್ನು ತಂದಿತು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಶನ್ ಇಂಗ್ಲಿಷ್ ರಾಗಗಳನ್ನು ತಂದಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಒಂದಾದ ಮೇಲೆ ಎರಡೂ ಒಂದೇ ಸೂರಿನಡಿ ಬಂದವು. ದೇಸಿ ಧಾಟಿಯೂ ಹೊಸದೇನಲ್ಲ, ನಿಘಂಟಿನ ಕಿಟೆಲ್ ಅವರೇ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೊರತಂದಿದ್ದರು. ಆದ್ದರಿಂದ ‘ಭಜನೆ ಬೇಡ, ಹಳೆಯ ಸಂಗೀತವೇ (ಪಾಶ್ಚಾತ್ಯ ರಾಗದ ಸ್ತುತಿಗೀತೆಯೇ) ಸಂಪ್ರದಾಯ’ ಎಂದಾಗಲಿ, ‘ಹಳೆಯದನ್ನು ಯಾರು ಹಾಡುತ್ತಾರೆ’ ಎಂದಾಗಲಿ ಜಗಳಕ್ಕೆ ನಿಲ್ಲುವವರಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಎರಡೂ ನಮ್ಮವೇ.

ಯಾವ ಘಳಿಗೆಗೆ ಯಾವ ಹಾಡು

ಒಂದು ಆರಾಧನೆಯಲ್ಲಿ ನಾಲ್ಕೈದು ಹಾಡು ಬರುತ್ತವೆ. ಅಷ್ಟರಲ್ಲೂ ಸರಣಿಯ ವಿಷಯವನ್ನೇ ತುರುಕಿದರೆ ಉಸಿರು ಕಟ್ಟುತ್ತದೆ. ವಿಷಯ ಹೊತ್ತ ಹಾಡು ಎರಡಿರಲಿ, ಉಳಿದವು ತಮ್ಮ ತಮ್ಮ ಜಾಗದ ಕೆಲಸ ಮಾಡಲಿ.

ಆರಂಭದ ಹಾಡು ಎಲ್ಲರಿಗೂ ಗೊತ್ತಿರಲೇಬೇಕು. ಜನ ಇನ್ನೂ ಕೊಡೆ ಮಡಿಸುತ್ತಾ, ಮಕ್ಕಳನ್ನು ಕೂರಿಸುತ್ತಾ ಇರುತ್ತಾರೆ, ಆಗ ಹೊಸದನ್ನು ಕೊಟ್ಟರೆ ಕ್ವೈರ್ ಒಂದೇ ಹಾಡುತ್ತದೆ. ಪಾಪನಿವೇದನೆಯ ಹತ್ತಿರ ಬರುವ ಹಾಡಿನಲ್ಲಿ ‘ನಾನು’ ಇದೆಯೋ ‘ನಾವು’ ಇದೆಯೋ ನೋಡಿ. ಈಚಿನ ಹಾಡುಗಳಲ್ಲಿ ಬಹುಪಾಲು ನಾನು, ನನ್ನ, ನನಗೆ. ಸಭೆಯಾಗಿ ತಪ್ಪೊಪ್ಪಿಕೊಳ್ಳುವಾಗ ‘ನಾವು’ ಇರುವ ಒಂದನ್ನು ಹುಡುಕಿ. ಸಿಗದಿದ್ದರೆ 130ನೇ ಕೀರ್ತನೆಯನ್ನು ಒಂದು ಸಾಲು ನಾಯಕ, ಒಂದು ಸಾಲು ಸಭೆ ಎಂದು ಓದಿಸಿ.

ಅತಿ ಮುಖ್ಯ ಜಾಗ ಪ್ರಸಂಗದ ನಂತರದ್ದು. ಪ್ರಸಂಗ ಕೇಳಿದವರು ಬಾಯಿ ತೆರೆದು ಉತ್ತರ ಕೊಡುವ ಘಳಿಗೆ ಅದು. ಬಿರುಗಾಳಿಯ ಪ್ರಸಂಗ ಮುಗಿದ ಮೇಲೆ ಬಿರುಗಾಳಿಯನ್ನು ಮತ್ತೆ ವರ್ಣಿಸುವ ಹಾಡು ಬೇಡ, ‘ಕರ್ತನೇ, ಎಚ್ಚರಗೊಳ್ಳು’ ಎಂದು ಕೂಗುವ ಹಾಡು ಬೇಕು. ಕಾಲು ತೊಳೆದ ವಾರ ಪ್ರಸಂಗದ ನಂತರ ಹಾಡುವ ಹಾಡು ನೆರೆಮನೆಯವರ ಕಡೆಗೆ ಮುಖ ಮಾಡಿರಬೇಕು. ಇದೊಂದು ಹಾಡು ಸರಿಹೋದರೆ ಉಳಿದದ್ದರಲ್ಲಿ ಸಣ್ಣಪುಟ್ಟ ಏರುಪೇರಾದರೂ ನಡೆಯುತ್ತದೆ.

ಕಾಣಿಕೆ ಹಾಡಿಗೆ ತುಂಬಾ ತಲೆಕೆಡಿಸಿಕೊಳ್ಳಬೇಡಿ. ಕಾಣಿಕೆ ಚೀಲ ಹಿಂದಿನ ಬೆಂಚು ತಲುಪುವಷ್ಟು ಉದ್ದ ಇದ್ದರೆ ಸಾಕು. ಕೊನೆಯ ಹಾಡು ನಡಿಗೆಯ ಲಯದ್ದಾಗಿರಲಿ.

ಚರಣ ಬಿಡುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಸಂಗೀತಗಳಲ್ಲಿ ಐದಾರು ಚರಣ ಇರುತ್ತವೆ, ಸಮಯ ಸಾಲದೆಂದು ‘ಒಂದು, ಎರಡು, ಕೊನೆಯದು’ ಎಂದು ಕೂಗುವ ರೂಢಿಯಿದೆ. ಎಷ್ಟೋ ಸಲ ಕ್ರಿಸ್ತನು ಒಂದನೇ ಚರಣದಲ್ಲಿ ಹುಟ್ಟಿ, ಎರಡನೆಯದರಲ್ಲಿ ಬೋಧಿಸಿ, ಸಾಯದೆಯೇ ಕೊನೆಯದರಲ್ಲಿ ಎದ್ದು ಬಂದಿರುತ್ತಾನೆ! ಯಾವ ಚರಣ ಬಿಡಬಹುದು ಎಂದು ಮನೆಯಲ್ಲೇ ಓದಿ ಗುರುತು ಹಾಕಿಕೊಂಡು ಬನ್ನಿ.

ಋತುವಿನ ಕಟ್ಟಳೆಗಳೂ ಇವೆ. ಕಥೋಲಿಕರ ತಪಸ್ಸುಕಾಲದ ಬಲಿಪೂಜೆಯಲ್ಲಿ ‘ಅಲ್ಲೆಲೂಯ’ ಹಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೆ ಪ್ರವೇಶ ಗೀತೆಯ ನಾಲ್ಕನೇ ಚರಣದ ತುದಿಯಲ್ಲಿ ಅದು ಅಡಗಿ ಕೂತಿರುತ್ತದೆ. ಕ್ರಿಸ್ಮಸ್ ಮುಂಚಿನ ಆಗಮನ ಕಾಲದಲ್ಲಿ ಇನ್ನೊಂದು ತೊಡಕು. ಕ್ಯಾರಲ್ ತಂಡ ಮನೆಮನೆಗೆ ಹೊರಟಿರುವುದರಿಂದ ಕ್ರಿಸ್ಮಸ್ ಹಾಡು ಎಲ್ಲರ ನಾಲಗೆ ಮೇಲಿರುತ್ತದೆ, ಆರಾಧನೆಯಲ್ಲಿ ಮಾತ್ರ ಕಾಯುವ ಹಾಡು ಬೇಕು. ನಾಲ್ಕು ವಾರಕ್ಕೆ ವಿಷಯ ಹುಡುಕುತ್ತಿದ್ದರೆ ಲೂಕನ ಮೊದಲ ಎರಡು ಅಧ್ಯಾಯ ನೋಡಿ. ಮರಿಯಳ ಹಾಡು, ಜಕರೀಯನ ಹಾಡು, ದೂತರ ಹಾಡು, ಸಿಮೆಯೋನನ ಹಾಡು, ನಾಲ್ಕೂ ಸಿದ್ಧವಾಗಿವೆ.

ಸರಣಿಯ ಬೆನ್ನೆಲುಬು

ಐದೂ ವಾರ ತಪ್ಪದೆ ಬರುವ ಒಂದು ಹಾಡು ಬೇಕು. ಉದ್ದದ್ದು ಬೇಡ, ನಾಲ್ಕು ಸಾಲಿನ ಪಲ್ಲವಿ ಸಾಕು. ಅದನ್ನು ಪ್ರತಿ ವಾರ ಒಂದೇ ಜಾಗದಲ್ಲಿ, ಉದಾಹರಣೆಗೆ ವಾಕ್ಯ ಓದುವ ಮೊದಲು, ಹಾಡಿಸಿ. ಮೂರನೇ ವಾರಕ್ಕೆ ಮಕ್ಕಳು ಮನೆಯಲ್ಲಿ ಗುನುಗುತ್ತಿರುತ್ತಾರೆ. ಹೊಸ ಹಾಡು ಕಲಿಸುವ ಆಸೆಯಿದ್ದರೆ ಇದೇ ಅದಾಗಲಿ. ಸರಣಿಗೊಂದೇ ಹೊಸದು, ಹೆಚ್ಚೆಂದರೆ ಎರಡು.

ಹೊಸ ಹಾಡನ್ನು ಆರಾಧನೆ ಶುರುವಾಗುವ ಹತ್ತು ನಿಮಿಷ ಮುಂಚೆ ಕಲಿಸಿ. ವಾದ್ಯ ನಿಲ್ಲಿಸಿ. ಒಬ್ಬರೇ ಒಂದು ಸಾಲು ಹಾಡಿ, ಸಭೆ ಅದೇ ಸಾಲನ್ನು ಮರಳಿ ಹಾಡಲಿ. ಕಷ್ಟದ ತಿರುವು ಬರುವ ಸಾಲನ್ನು ಎರಡು ಸಲ ಮಾಡಿ. ಕಲಿಸುವವರ ಕಂಠ ಬಹಳ ಸೊಗಸಾಗಿದ್ದರೆ ತೊಂದರೆಯೇ, ಗಮಕಗಳನ್ನು ಸೇರಿಸಿ ಹಾಡಿದರೆ ಜನ ಕೇಳುತ್ತಾ ಕೂರುತ್ತಾರೆ. ನೇರವಾಗಿ, ಸಾದಾ ದನಿಯಲ್ಲಿ ಹಾಡುವವರನ್ನು ನಿಲ್ಲಿಸಿ.

ಸಾಹಿತ್ಯ ಒಪ್ಪುತ್ತದೆ, ರಾಗ ಯಾರಿಗೂ ಗೊತ್ತಿಲ್ಲ ಎಂದಾದರೆ ಇನ್ನೊಂದು ಉಪಾಯವಿದೆ. ಹಾಡಿನ ತಲೆಯ ಮೇಲೆ 8.6.8.6 ಎಂಬಂಥ ಅಂಕಿಗಳು (ಪ್ರತಿ ಸಾಲಿನ ಅಕ್ಷರಗಳ ಲೆಕ್ಕ) ಅಚ್ಚಾಗಿದ್ದರೆ, ಅದೇ ಅಳತೆಯ ಪರಿಚಿತ ರಾಗವೊಂದಕ್ಕೆ ಹೊಂದಿಸಿ ನೋಡಿ. ಜೋರಾಗಿ ಹಾಡಿ ಪರೀಕ್ಷಿಸದೆ ಮಾತ್ರ ಒಪ್ಪಬೇಡಿ. ಕನ್ನಡದಲ್ಲಿ ಹ್ರಸ್ವ ಅಕ್ಷರ ಉದ್ದ ಸ್ವರದ ಮೇಲೆ ಬಿದ್ದರೆ ಪದವೇ ಬೇರೆಯಾಗಿ ಕೇಳಿಸುತ್ತದೆ.

ಶ್ರುತಿ, ಮಳೆ, ಕರೆಂಟು

ಯೂಟ್ಯೂಬಿನಲ್ಲಿ ಕೇಳಿದ ಹಾಡನ್ನು ಅದೇ ಶ್ರುತಿಯಲ್ಲಿ ಸಭೆಗೆ ತರುವುದು ದೊಡ್ಡ ಪಿಡುಗು. ಅಲ್ಲಿ ಹಾಡಿರುವವರು ತರಬೇತಾದ ಗಾಯಕರು, ಸ್ಟುಡಿಯೊದ ಒಳಗೆ. ಕೀಬೋರ್ಡಿನಲ್ಲಿ ಹಾಡಿನ ಅತಿ ಎತ್ತರದ ಸ್ವರ ಹುಡುಕಿ. ಅದು ಮೇಲಿನ ‘ಡಿ’ ದಾಟಿದರೆ ಹಿಂದಿನ ಬೆಂಚುಗಳು ಬಾಯಿ ಮುಚ್ಚುತ್ತವೆ. ಅತಿ ತಗ್ಗಿನ ಸ್ವರ ಮಧ್ಯದ ‘ಸಿ’ಗಿಂತ ಕೆಳಗಿನ ‘ಎ’ಗೂ ಕೆಳಗೆ ಹೋದರೆ ಹೆಂಗಸರ ದನಿ ಕಳೆದುಹೋಗುತ್ತದೆ. ಈ ಎರಡರ ನಡುವೆ ಕೂರುವಂತೆ ಟ್ರಾನ್ಸ್‌ಪೋಸ್ ಬಟನ್ ಒತ್ತಿ. ಡಿಸೆಂಬರಿನ ಬೆಳಗಿನ ಆರಾಧನೆಗೆ ಇನ್ನೂ ಅರ್ಧ ಸ್ವರ ಇಳಿಸಿ, ಆ ಚಳಿಯಲ್ಲಿ ಯಾರ ಗಂಟಲೂ ಬಿಟ್ಟಿರುವುದಿಲ್ಲ.

ಮಲೆನಾಡಿನ ಮಳೆಗೆ ಬೇರೆಯದೇ ಲೆಕ್ಕ. ಶೀಟಿನ ಮಾಡಿನ ಮೇಲೆ ಜುಲೈ ಮಳೆ ಬೀಳುವಾಗ ಮೆಲುದನಿಯ ಹಾಡು ಎರಡನೇ ಬೆಂಚಿಗೂ ಕೇಳುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರು ಜೂನ್‌ನಿಂದ ಆಗಸ್ಟ್‌ವರೆಗಿನ ಪಟ್ಟಿಯಲ್ಲಿ ನಾಯಕ ಎತ್ತಿಕೊಡುವ, ಸಭೆ ಮರುಕೊಡುವ ಹಾಡುಗಳನ್ನು ಹೆಚ್ಚು ಇಟ್ಟುಕೊಳ್ಳಬೇಕು. ತಬಲಕ್ಕಿಂತ ಢೋಲಕ್ ಕೇಳುತ್ತದೆ. ಕರೆಂಟಂತೂ ಹೋಗಿಯೇ ಹೋಗುತ್ತದೆ. ಪಟ್ಟಿಯ ಪ್ರತಿ ಹಾಡನ್ನೂ ಕೀಬೋರ್ಡ್ ಇಲ್ಲದೆ ಎತ್ತಬಲ್ಲವರು ಯಾರು ಎಂದು ಹೆಸರು ಬರೆದಿಡಿ. ಹೆಸರು ಸಿಗದ ಹಾಡನ್ನು ಬೇಸಿಗೆಗೆ ಮುಂದೂಡಿ. ಹಾರ್ಮೋನಿಯಂ ಅಟ್ಟದ ಮೇಲಿದ್ದರೆ ಇಳಿಸಿ ಒರೆಸಿಡಿ.

ಲಯದ ವಿಷಯದಲ್ಲಿ ಒಂದೇ ಮಾತು: ದಾದ್ರಾದ ಆರು ಮಾತ್ರೆಯ ಹಾಡುಗಳನ್ನೇ ಮೂರು ಸಲ ಸಾಲಾಗಿ ಇಡಬೇಡಿ, ಸಭೆ ತೂಕಡಿಸುತ್ತದೆ.

ಯಾರ ಭಾಷೆ?

ಎಸ್ಟೇಟ್ ಸಾಲಿನ ಸಭೆಗಳಲ್ಲಿ ತಮಿಳು ಮಾತಾಡುವ ಕುಟುಂಬಗಳಿವೆ, ಕೊಂಕಣಿ, ತುಳು ಮನೆಗಳಿವೆ. ಕಾಫಿ ಕುಯ್ಲಿನ ಹೊತ್ತಿಗೆ ಜಾರ್ಖಂಡ್, ಒಡಿಶಾ ಕಡೆಯಿಂದ ಬಂದ ಕ್ರೈಸ್ತ ಕೂಲಿಯಾಳುಗಳೂ ಹಿಂದೆ ಬಂದು ಕೂರುತ್ತಾರೆ. ಪಲ್ಲವಿ ಕನ್ನಡದಲ್ಲಿದ್ದು ಒಂದು ಚರಣವನ್ನು ತಮಿಳಿನಲ್ಲೋ ಕೊಂಕಣಿಯಲ್ಲೋ ಆ ಮನೆಯವರಿಂದಲೇ ಹಾಡಿಸಬಹುದು. ಅವರನ್ನು ಮುಂದೆ ಕರೆದು ನಿಲ್ಲಿಸಿ ‘ವಿಶೇಷ ಗೀತೆ’ ಮಾಡಬೇಡಿ, ಕೂತಲ್ಲಿಂದಲೇ ಹಾಡಲಿ. ಭಾಷೆ ಬಾರದವರಿಗೆ ‘ಹಲ್ಲೆಲೂಯ’, ‘ಹೊಸನ್ನ’, ‘ಆಮೆನ್’ ಮರುಕಳಿಸುವ ಹಾಡು ವಾರಕ್ಕೊಂದು ಇದ್ದರೆ ಅವರೂ ಬಾಯಿ ಕೂಡಿಸುತ್ತಾರೆ.

ಪದ ಪರೀಕ್ಷೆ ಮತ್ತು ಪರದೆ

ಆರಿಸಿದ ಪ್ರತಿ ಹಾಡನ್ನೂ ರಾಗವಿಲ್ಲದೆ, ಪತ್ರ ಓದುವ ಹಾಗೆ ಒಮ್ಮೆ ಓದಿ. ರಾಗದ ಸೊಗಸಿನಲ್ಲಿ ಮುಚ್ಚಿಹೋಗಿದ್ದ ಅಸಂಬದ್ಧ ಸಾಲು ಆಗ ಕಣ್ಣಿಗೆ ಬೀಳುತ್ತದೆ. ‘ನಂಬಿದವನಿಗೆ ಕಷ್ಟವೇ ಇಲ್ಲ’ ಎನ್ನುವ ಹಾಡನ್ನು ಹೋದ ವಾರವಷ್ಟೇ ಮಣ್ಣು ಮಾಡಿ ಬಂದ ಮನೆಯವರ ಮುಂದೆ ಹಾಡಬಹುದೇ ಎಂದು ಕೇಳಿಕೊಳ್ಳಿ. ಅನುಮಾನವಿದ್ದರೆ ಸಭಾಪಾಲಕರಿಗೆ ತೋರಿಸಿ.

ಪರದೆಗೆ ಹಾಕುವವರು ಒಂದು ಸಂಗತಿ ಗಮನಿಸಬೇಕು. ಹಳೆಯ ಹಾಡುಗಳನ್ನು ಯಾರೋ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿರುತ್ತಾರೆ. ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಅರ್ಥವಿಲ್ಲದ ಚಿಹ್ನೆಗಳು. ಶನಿವಾರವೇ ಯೂನಿಕೋಡಿಗೆ ಬದಲಿಸಿ, ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಮುರಿದಿವೆಯೇ ಎಂದು ಸಾಲುಸಾಲಾಗಿ ನೋಡಿ. ಉಸಿರು ತೆಗೆದುಕೊಳ್ಳುವ ಕಡೆ ಸಾಲು ಮುರಿಯಲಿ. ಒಂದು ಪರದೆಗೆ ನಾಲ್ಕು ಸಾಲು ಮೀರಬೇಡಿ, ಹಿಂದೆ ಕೂರುವವರಲ್ಲಿ ಕನ್ನಡಕ ಮರೆತು ಬಂದವರು ಯಾವಾಗಲೂ ಇರುತ್ತಾರೆ.

ಹಕ್ಕುಸ್ವಾಮ್ಯದ ಭಯ ಕೆಲವರಿಗೆ. 1957ರ ಕಾಯಿದೆಯ 52ನೇ ಕಲಮಿನ ಪ್ರಕಾರ ನಿಜವಾದ ಧಾರ್ಮಿಕ ವಿಧಿಯ ಭಾಗವಾಗಿ ಹಾಡುವುದು ಉಲ್ಲಂಘನೆಯಾಗುವುದಿಲ್ಲ. ಪುಸ್ತಕ ಮಾಡಿ ಅಚ್ಚು ಹಾಕುವುದು, ವಿಡಿಯೊ ಮಾಡಿ ಯೂಟ್ಯೂಬಿಗೆ ಏರಿಸುವುದು ಬೇರೆ ಮಾತು, ಅದಕ್ಕೆ ಬರೆದವರ ಅನುಮತಿ ಕೇಳಿ. ಹಕ್ಕು ಬರೆದವರ ಜೀವಮಾನ ಮತ್ತು ಆನಂತರ 60 ವರ್ಷ ಇರುತ್ತದೆ. ಮೂಲ ಎಷ್ಟೇ ಹಳೆಯದಾದರೂ ಕನ್ನಡ ಅನುವಾದ ಹೊಸದಾಗಿದ್ದರೆ ಅನುವಾದಕರ ಹಕ್ಕು ಬೇರೆಯೇ ನಿಲ್ಲುತ್ತದೆ.

ಪಟ್ಟಿ ಹೊರಬಿದ್ದ ಮೇಲೆ

ಐದೂ ವಾರದ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆಯಿರಿ: ಹಾಡಿನ ಸಂಖ್ಯೆ, ಮೊದಲ ಸಾಲು, ಚರಣಗಳು, ಶ್ರುತಿ, ಎತ್ತಿಕೊಡುವವರ ಹೆಸರು. ಸಭಾಪಾಲಕರಿಗೆ, ಕೀಬೋರ್ಡಿನವರಿಗೆ, ಪರದೆಯವರಿಗೆ ಒಂದೊಂದು ಪ್ರತಿ ಹೋಗಲಿ. ಹಾಳೆಯನ್ನು ಪಕ್ಕಕ್ಕೆ ಹಿಡಿದು ಒಮ್ಮೆ ಅಡ್ಡಡ್ಡ ಓದಿ. ಐದೂ ವಾರ ಪ್ರಸಂಗದ ನಂತರದ ಹಾಡುಗಳು ಒಂದೇ ಭಾವದವಾಗಿದ್ದರೆ ಎರಡನ್ನು ಬದಲಿಸಿ. ಯಾವ ಹಾಡಾದರೂ ಬೆನ್ನೆಲುಬಿನದಲ್ಲದೆ ಮೂರು ಸಲ ಬಂದಿದ್ದರೆ ಒಂದು ಕಡೆ ತೆಗೆಯಿರಿ.

ಅಭ್ಯಾಸ ಶನಿವಾರ ಸಂಜೆ ಇಟ್ಟರೆ ಎಸ್ಟೇಟಿನವರಿಗೆ ಬರಲಾಗುವುದಿಲ್ಲ, ಅಂಥ ಕಡೆ ಭಾನುವಾರ ಆರಾಧನೆ ಮುಗಿದ ಕೂಡಲೇ ಮುಂದಿನ ವಾರದ್ದನ್ನು ಅರ್ಧ ಗಂಟೆ ಮಾಡಿ ಮುಗಿಸುವುದು ಲೇಸು. ಅದೇ ಹೊತ್ತಿನಲ್ಲಿ ಅವತ್ತಿನ ಹಾಡುಗಳ ಮುಂದೆ ಗುರುತೂ ಹಾಕಿ: ಸಭೆ ಹಾಡಿತೇ, ಕ್ವೈರ್ ಮಾತ್ರ ಹಾಡಿತೇ. ಕ್ವೈರ್ ಮಾತ್ರ ಹಾಡಿದ್ದನ್ನು ಮುಂದಿನ ಸರಣಿಗೆ ತರುವ ಮೊದಲು ಮನೆ ಪ್ರಾರ್ಥನಾ ಕೂಟಗಳಲ್ಲಿ ನಾಲ್ಕಾರು ಸಲ ಹಾಡಿಸಿ ನೋಡಿ. ಅಲ್ಲೂ ಬಾಯಿಗೆ ಹತ್ತದಿದ್ದರೆ ಬಿಟ್ಟುಬಿಡಿ, ಪುಸ್ತಕದಲ್ಲಿ ಬೇರೆ ಹಾಡುಗಳಿವೆ.